ಬಾತ್‌ಟಬ್ಬಿನ ಸೋಪಿನ ಜಿಡ್ಡು, ಸಂದಿನ ಬೂಷ್ಟು: ಉಪ್ಪು ನೀರಿನ ಮನೆಯವರಿಗಾಗಿ

ಈಗಿನ ಬಾಡಿಗೆ ಮನೆಗೆ ನಾವು ಬಂದಾಗ ಬಚ್ಚಲಲ್ಲಿ ಒಂದು ಬಾತ್‌ಟಬ್ ಇತ್ತು. ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಇಂಥವು ಅಲ್ಲಲ್ಲಿ ಉಳಿದಿವೆ. ನಮ್ಮ ಮನೆಯಲ್ಲಿ ಅದರಲ್ಲಿ ಮಲಗಿ ಸ್ನಾನ ಮಾಡುವವರು ಯಾರೂ ಇಲ್ಲ. ಟಬ್ಬಿನೊಳಗೇ ಬಕೆಟ್ ಇಟ್ಟುಕೊಂಡು, ಮಗ್ಗಿನಲ್ಲಿ ನೀರು ಹುಯ್ದುಕೊಂಡು ಸ್ನಾನ ಮುಗಿಸುತ್ತೇವೆ. ನೀರು ಬರದ ದಿನಕ್ಕೆ ಇರಲಿ ಅಂತ ಅದರಲ್ಲೇ ನೀರು ತುಂಬಿಡುವುದೂ ಉಂಟು. ನಮ್ಮದು ಬೋರ್‌ವೆಲ್ ನೀರು. ಟಬ್ಬಿನ ಒಳಗೋಡೆಯಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಬೆರಳಗಲದ ಬೂದಿ ಬಣ್ಣದ ಪಟ್ಟಿ ಕಟ್ಟಿತ್ತು. ಟಬ್ಬು ಟೈಲ್ಸಿಗೆ ಸೇರುವ ಅಂಚಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳ ಸಾಲು.

ಮೊದಲ ಭಾನುವಾರ ಸ್ಟೀಲ್ ನಾರು, ಬಟ್ಟೆ ಒಗೆಯುವ ಪೌಡರ್ ಹಿಡಿದು ಎರಡು ಗಂಟೆ ತಿಕ್ಕಿದೆ. ಪಟ್ಟಿ ಅರ್ಧವೂ ಹೋಗಲಿಲ್ಲ. ಟಬ್ಬಿನ ಮೇಲೆ ಗೀರುಗಳು ಬಿದ್ದವು. ಅವು ಇವತ್ತಿಗೂ ಇವೆ. ಹೊಸ ಜಿಡ್ಡು ಮೊದಲು ಹೋಗಿ ಕೂರುವುದೇ ಆ ಗೀರುಗಳಲ್ಲಿ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಟಬ್ ಇಲ್ಲದವರಿಗೂ ಇದು ಹೊಂದುತ್ತದೆ. ಬಕೆಟ್, ಮಗ್, ಟೈಲ್ಸ್ ಗೋಡೆ, ಸೋಪು ಇಡುವ ತಟ್ಟೆ, ಎಲ್ಲಕ್ಕೂ ಕ್ರಮ ಇದೇ.

ಮೊದಲು ತಿಳಿಯಬೇಕಾದದ್ದು ಇಷ್ಟು. ಬೂದಿ ಬಣ್ಣದ ಜಿಡ್ಡು ಒಂದು ಕಾಯಿಲೆ, ಕಪ್ಪು ಬೂಷ್ಟು ಇನ್ನೊಂದು ಕಾಯಿಲೆ. ಒಂದರ ಔಷಧಿ ಇನ್ನೊಂದಕ್ಕೆ ತಾಗುವುದಿಲ್ಲ. ಎರಡು ಔಷಧಿಯನ್ನೂ ಒಟ್ಟಿಗೆ ಹಾಕಿದರೆ ನಮ್ಮ ಜೀವಕ್ಕೇ ಕುತ್ತು. ಮತ್ತೆ, ಎರಡೂ ಕಡೆ ಕೆಲಸ ಮಾಡುವುದು ತೋಳ್ಬಲಕ್ಕಿಂತ ಜಾಸ್ತಿ ನೆನೆಯುವ ಹೊತ್ತು. ದೋಸೆ ಹಿಟ್ಟು ಒಣಗಿ ಹತ್ತಿಕೊಂಡ ಪಾತ್ರೆಯನ್ನು ಯಾರೂ ಹಾಗೇ ತಿಕ್ಕಲು ಕೂರುವುದಿಲ್ಲ, ನೀರು ಹಾಕಿ ಬಿಡುತ್ತೇವೆ ಅಲ್ವಾ? ಇಲ್ಲೂ ಹಾಗೇ.

ಆ ಬೂದಿ ಬಣ್ಣದ್ದು ಏನು?

ಸೋಪು ಆಗುವುದು ಎಣ್ಣೆ ಮತ್ತು ಕ್ಷಾರದಿಂದ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನಾವು ಉಪ್ಪು ನೀರು ಅನ್ನುವುದು ಇದನ್ನೇ, ಪುಸ್ತಕದಲ್ಲಿ ಗಡಸು ನೀರು ಅಂತಾರೆ. ಸೋಪಿನೊಳಗಿನ ಎಣ್ಣೆಯ ಅಂಶ ಈ ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗದ ಮೇಣದಂಥ ವಸ್ತು ಆಗುತ್ತದೆ. ಹಾಲು ಒಡೆದ ಹಾಗೆ ಸಣ್ಣ ಸಣ್ಣ ಚೂರಾಗಿ ತೇಲಿ, ಟಬ್ಬಿಗೆ, ಬಕೆಟ್ಟಿಗೆ ಮೆತ್ತಿಕೊಳ್ಳುತ್ತದೆ. ಮೈಯ ಎಣ್ಣೆ, ಸತ್ತ ಚರ್ಮ, ಧೂಳು ಅದಕ್ಕೇ ಬಂದು ಸೇರುತ್ತವೆ. ನಿಮ್ಮ ಬಕೆಟ್ಟಿನ ಒಳಬದಿಗೆ ಉಗುರು ಹಾಕಿ ಒಮ್ಮೆ ಎಳೆದು ನೋಡಿ. ಉಗುರಿನ ತುದಿಯಲ್ಲಿ ಮೇಣದಬತ್ತಿ ಕೆರೆದಂತೆ ಸುರುಳಿ ಏಳುತ್ತದೆ. ಅದೇ ಇದು.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಲೆಕ್ಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪುವ ಮಟ್ಟ. ಬೇರೆ ನೀರು ಸಿಗದ ಕಡೆ 600ರವರೆಗೆ ನಡೆಯುತ್ತದೆ. ನಿಮ್ಮ ನೀರು ಹೇಗೆ ಅಂತ ನೋಡಲು ಲ್ಯಾಬಿಗೇ ಹೋಗಬೇಕಿಲ್ಲ. ಒಂದು ಖಾಲಿ ಬಾಟಲಿಗೆ ಅರ್ಧ ನೀರು ಹಾಕಿ, ಸೋಪನ್ನು ಚಾಕುವಿನಿಂದ ಹೆರೆದು ನಾಲ್ಕು ಚೂರು ಉದುರಿಸಿ, ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮೇಲೆ ಗಟ್ಟಿ ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನೀರು ಮೆದು. ನೊರೆ ಏಳದೆ ನೀರು ಹಾಲಿನ ಹಾಗೆ ಕದಡಿ ಚೂರು ಚೂರಾದರೆ ಗಡಸು. ಬೆಂಗಳೂರಲ್ಲಿ ಕಾವೇರಿ ನಲ್ಲಿಯ ನೀರು, ಬೋರ್‌ವೆಲ್ ನೀರು ಎರಡೂ ಬರುವ ಮನೆಯವರು ಎರಡು ಬಾಟಲಿಯಲ್ಲೂ ಮಾಡಿ ನೋಡಿ. ಮಕ್ಕಳಿಗೂ ತೋರಿಸಿ, ಖುಷಿಪಡುತ್ತವೆ.

ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಕೊಡುವ ವಸ್ತು ಸೋಪಿನಂಥದ್ದಲ್ಲ. ಅದು ಕ್ಯಾಲ್ಸಿಯಂ ಜೊತೆ ಸೇರಿ ಹೀಗೆ ಮೇಣ ಕಟ್ಟುವುದಿಲ್ಲ. ಬಾಟಲಿಯಲ್ಲಿ ಬರುವ ಬಾಡಿ ವಾಶ್‌ಗಳಲ್ಲಿ ಹೆಚ್ಚಿನವೂ ಗಟ್ಟಿ ಸೋಪಿನಷ್ಟು ಜಿಡ್ಡು ಬಿಡುವುದಿಲ್ಲ.

ಮೊದಲು ಟಬ್ಬು ಯಾವುದರದ್ದು ನೋಡಿ

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ಟಬ್ಬಿಗೆ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ ಅಥವಾ ಉಕ್ಕು, ಮೇಲೆ ಇನಾಮೆಲ್ ಲೇಪ. ಅಂಟದಿದ್ದರೆ, ಬೆರಳಿಂದ ತಟ್ಟಿದಾಗ ಪ್ಲಾಸ್ಟಿಕ್ ಡಬ್ಬದ ಸದ್ದು ಬಂದರೆ ಅಕ್ರಿಲಿಕ್ ಅಥವಾ ಫೈಬರ್. ಅಕ್ರಿಲಿಕ್ ಮೆದು. ಸ್ಟೀಲ್ ನಾರು, ಪಾತ್ರೆ ತಿಕ್ಕುವ ಪುಡಿ, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಯಾವುದೂ ಬೇಡ. ಮೆತ್ತನೆ ಸ್ಪಂಜು ಅಥವಾ ಒಣಗಿದ ಹೀರೇಕಾಯಿ ನಾರನ್ನು ಚೆನ್ನಾಗಿ ನೆನೆಸಿ ಬಳಸಿ. ಹಳೇ ಇನಾಮೆಲ್ ಟಬ್ಬಾದರೆ ಹುಳಿ ದ್ರಾವಣವನ್ನು ಐದು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಲೇಪದ ಹೊಳಪು ಹೋದರೆ ವಾಪಸ್ ಬರುವುದಿಲ್ಲ.

ಬಚ್ಚಲ ನೆಲ ಯಾವುದು ಅನ್ನುವುದನ್ನೂ ನೋಡಲೇಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲೇ. ಮಾರ್ಬಲ್ಲೂ ಆ ಜಾತಿಯದ್ದೇ. ನಿಂಬೆಹಣ್ಣು, ವಿನೆಗರ್, ಯಾವ ಹುಳಿ ಬಿದ್ದರೂ ಕಲ್ಲು ತಿಂದುಹೋಗಿ ಮಂಕಾಗುತ್ತದೆ. ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಒಂದೇ ಒಂದು ತೊಟ್ಟು ನಿಂಬೆರಸ ಬಿಟ್ಟು ಬಗ್ಗಿ ನೋಡಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಒರೆಸಿದ ಮೇಲೆ ಆ ಜಾಗ ಮಂಕಾಗಿ ಕಂಡರೆ, ಅಲ್ಲಿ ಹುಳಿ ಹಾಕಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು, ಬ್ರಶ್ ಅಷ್ಟೇ ಸಾಕು.

ಮೊದಲ ದಿನ: ಜಿಡ್ಡಿಗೆ ಹುಳಿ

ಹಿತ್ತಾಳೆ ಬಿಂದಿಗೆ, ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ಬೆಳಗುವುದು ನಮಗೆ ಗೊತ್ತಿರುವ ವಿದ್ಯೆ. ಇಲ್ಲೂ ಅದೇ ತತ್ವ, ಹುಳಿ ಮಾತ್ರ ಬೇರೆ. ಹುಣಸೆಹಣ್ಣಿನ ಬಣ್ಣ ಬಿಳಿ ಟಬ್ಬಿಗೆ ಹತ್ತುತ್ತದೆ. ಹಾಗಾಗಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು ತನ್ನಿ. ಅಗ್ಗ, ವಾಸನೆಯಿಲ್ಲ. ಬಿಳಿ ವಿನೆಗರ್ ಆದರೂ ನಡೆಯುತ್ತದೆ. ಆದರೆ ಅಡುಗೆ ವಿನೆಗರಿನಲ್ಲಿ ಹುಳಿಯ ಅಂಶ ಶೇಕಡಾ 4ರ ಆಸುಪಾಸು ಅಷ್ಟೇ, ಅದರ ಘಾಟು ಅರ್ಧ ದಿನ ಮನೆಯಲ್ಲಿರುತ್ತದೆ. ನನ್ನ ಆಯ್ಕೆ ನಿಂಬೆ ಉಪ್ಪೇ.

ಬೇಕಾದದ್ದು: ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು, ಎರಡು ದೊಡ್ಡ ಚಮಚ ನಿಂಬೆ ಉಪ್ಪು, ಒಂದು ಚಿಕ್ಕ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಸ್ಪ್ರೇ ಬಾಟಲಿ, ಸ್ಪಂಜು, ಹಳೇ ಟೂತ್‌ಬ್ರಶ್, ರಬ್ಬರ್ ಗ್ಲೌಸ್.

ಲಿಕ್ವಿಡ್ ಯಾಕೆ ಅಂದರೆ, ಹುಳಿ ಆ ಮೇಣದಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಆಗ ಅಲ್ಲಿ ಉಳಿಯುವುದು ಸೋಪಿನ ಮೂಲ ಕೊಬ್ಬು. ಅದು ಹುಳಿಗೆ ಹೋಗುವುದಿಲ್ಲ, ಲಿಕ್ವಿಡ್ಡಿಗೇ ಹೋಗಬೇಕು. ಬರೀ ವಿನೆಗರ್ ಹಾಕಿ ತೊಳೆದವರು "ಎಷ್ಟು ತೊಳೆದರೂ ಜಾರು ಹೋಗಲಿಲ್ಲ" ಅನ್ನುವುದು ಈ ಕಾರಣಕ್ಕೆ. ಎಣ್ಣೆ ಸ್ನಾನ ಮಾಡುವ ಮನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂಚೆ ಶುರುಮಾಡಿ. ಮೊದಲು ಲಿಕ್ವಿಡ್, ಬಿಸಿನೀರು ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಎಣ್ಣೆಯ ಪದರ ಇದ್ದರೆ ಹುಳಿ ಕೆಳಗೆ ಇಳಿಯುವುದೇ ಇಲ್ಲ. ನೆಲವೂ ಜಾರುತ್ತದೆ, ತೊಳೆಯುವಾಗ ಕಾಲು ಜೋಪಾನ.

1. ಟಬ್ಬಿನಲ್ಲಿರುವ ಬಾಟಲಿ, ಮಗ್ ಎಲ್ಲ ಹೊರಗಿಡಿ. ನೀರು ಹೋಗುವ ಕಿಂಡಿಯಲ್ಲಿ ಕೂದಲು ಇದ್ದರೆ ತೆಗೆದುಬಿಡಿ. ಬೆಚ್ಚಗಿನ ನೀರು ಹುಯ್ದು ಇಡೀ ಟಬ್ಬು ಒದ್ದೆ ಮಾಡಿ.

2. ಹುಳಿ ನೀರನ್ನು ಸ್ಪ್ರೇ ಮಾಡಿ. ನೆಟ್ಟಗಿನ ಗೋಡೆಯ ಮೇಲೆ ಅದು ನಿಲ್ಲದೆ ಇಳಿದುಹೋಗುತ್ತದೆ. ಪಟ್ಟಿ ದಪ್ಪ ಇರುವ ಕಡೆ ಹಳೇ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ಅಂಟಿಸಿಬಿಡಿ. ಒದ್ದೆ ಬಟ್ಟೆ ಟಬ್ಬಿಗೆ ತಾನೇ ಹಿಡಿದುಕೊಳ್ಳುತ್ತದೆ. ಇಡೀ ವಿಧಾನದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಬಟ್ಟೆಯೇ.

3. ಅಕ್ರಿಲಿಕ್ ಟಬ್ಬು, ಸೆರಾಮಿಕ್ ಟೈಲ್ಸ್, ಪ್ಲಾಸ್ಟಿಕ್ ಬಕೆಟ್ ಆದರೆ 15ರಿಂದ 20 ನಿಮಿಷ ಬಿಡಿ. ಒಣಗಲು ಬಿಡಬೇಡಿ, ನಡುವೆ ಒಮ್ಮೆ ಮತ್ತೆ ಸ್ಪ್ರೇ ಮಾಡಿ.

4. ಸ್ಪಂಜಿನಿಂದ ಸುತ್ತು ಸುತ್ತಾಗಿ ಒರೆಸಿ. ಮೊದಲು ಬೂದಿ ಬಣ್ಣದ ಕೆಸರಿನ ಹಾಗೆ ಬರುತ್ತದೆ. ಒತ್ತಿ ತಿಕ್ಕಬೇಕು ಅನ್ನಿಸಿದರೆ ಇನ್ನೂ ನೆನೆದಿಲ್ಲ ಅಂತ ಅರ್ಥ. ಮತ್ತೆ ಬಟ್ಟೆ ಅಂಟಿಸಿ ಹತ್ತು ನಿಮಿಷ ಬಿಡಿ. ವರ್ಷಗಟ್ಟಲೆ ಕಟ್ಟಿದ ಪಟ್ಟಿಗೆ ಮೂರು ಸಲವಾದರೂ ಬೇಕಾಗುತ್ತದೆ. ನಮ್ಮ ಟಬ್ಬಿಗೆ ನಾಲ್ಕು ಸಲ ಆಯಿತು.

5. ಆಮೇಲೂ ಉಳಿದ ಕಡೆಗೆ ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ, ಚಟ್ನಿಯ ಹದಕ್ಕೆ ಮಾಡಿ, ಬೆರಳಿಂದ ಹಚ್ಚಿ ಮೆಲ್ಲಗೆ ಉಜ್ಜಿ. ಸೋಡಾ ಇಲ್ಲಿ ಕೆಲಸ ಮಾಡುವುದು ನುಣ್ಣನೆ ಪುಡಿಯಾಗಿ. ಸೋಡಾ ಮೇಲೆ ವಿನೆಗರ್ ಸುರಿದು ಬುಸ್ ಅಂತ ನೊರೆ ಬರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನೋಡಲು ಚೆಂದ. ಆದರೆ ಹುಳಿ, ಸೋಡಾ ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಉಳಿಯುವುದು ಬಹುಪಾಲು ನೀರು. ಬೇರೆ ಬೇರೆಯಾಗಿ ಬಳಸಿ.

6. ಬೇಕಾದಷ್ಟು ನೀರು ಹುಯ್ದು ತೊಳೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ. ಕೈಯಾಡಿಸಿದರೆ ಗಾಜಿನ ಲೋಟ ಮುಟ್ಟಿದ ಹಾಗೆ ಕೀಚ್ ಅನ್ನಬೇಕು.

ನಲ್ಲಿಯ ಬುಡದ ಬಿಳಿ ಗಟ್ಟಿಗೂ ಇದೇ ನೀರು ಸಾಕು. ಹತ್ತಿ ಬಟ್ಟೆ ಅದ್ದಿ ಸುತ್ತಿ, 15 ನಿಮಿಷಕ್ಕೆ ತೆಗೆಯಿರಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಹೊಳಪು ಹೋಗುತ್ತದೆ. ಶವರಿನ ತೂತು ಕಟ್ಟಿದ್ದರೆ ಪ್ಲಾಸ್ಟಿಕ್ ಕವರಿಗೆ ಹುಳಿ ನೀರು ತುಂಬಿ, ಶವರ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಅರ್ಧ ಗಂಟೆ ಸಾಕು.

ಬೀದಿಯಲ್ಲಿ ಬಾಟಲಿಗಟ್ಟಲೆ ಮಾರುವ ಬಾತ್‌ರೂಮ್ ಆಸಿಡ್ ಬಗ್ಗೆ ಒಂದು ಮಾತು. ಅದು ಹೈಡ್ರೋಕ್ಲೋರಿಕ್ ಆಸಿಡ್. ಕಲೆ ಹೋಗುತ್ತದೆ ನಿಜ. ಜೊತೆಗೆ ಟೈಲ್ಸ್ ಸಂದಿನ ಸಿಮೆಂಟೂ ಹೋಗುತ್ತದೆ, ನಲ್ಲಿಯ ಕ್ರೋಮೂ ಹೋಗುತ್ತದೆ. ಸಂದಿನ ಸಿಮೆಂಟ್ ತಿಂದುಹೋದರೆ ಆ ಗುಳಿಯಲ್ಲಿ ನೀರು ನಿಂತು ಮುಂದಿನ ಮಳೆಗಾಲಕ್ಕೆ ಬೂಷ್ಟು ಎರಡರಷ್ಟು. ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗಲು ದಾರಿಯಾಗುವುದೂ ಇಂಥ ಸಂದುಗಳೇ. ದಯವಿಟ್ಟು ಬೇಡ.

ಎರಡನೇ ದಿನ: ಬೂಷ್ಟಿಗೆ ಬ್ಲೀಚ್

ಎರಡನೇ ದಿನ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಿಟಕಿ ಚಿಕ್ಕದಿರುವ ನಮ್ಮ ಬಚ್ಚಲುಗಳಲ್ಲಿ ಎರಡು ಉಸಿರಿಗೇ ಎದೆ ಹಿಡಿಯುತ್ತದೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಕೆಲಸಕ್ಕೆ ಬರುತ್ತಿದ್ದ ಅಕ್ಕ ಕಮೋಡಿಗೆ ಹಾಕುವ ಕ್ಲೀನರ್ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದ್ದರು. ಬೇಗ ಬೆಳ್ಳಗಾಗಲಿ ಅಂತ ಮಾಡಿದ್ದು. ಕೆಮ್ಮುತ್ತ ಹೊರಗೆ ಓಡಿಬಂದವರು ಸಂಜೆಯವರೆಗೆ ಸುಧಾರಿಸಿಕೊಳ್ಳಲಿಲ್ಲ. ಕಮೋಡ್ ಕ್ಲೀನರುಗಳಲ್ಲಿ ಹೆಚ್ಚಿನವುಗಳಲ್ಲಿ ಆಸಿಡ್ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮನೆಯ ಬಚ್ಚಲು ತೊಳೆಯುವವರು ಬೇರೆಯವರಾದರೆ, ಅವರಿಗೆ ಇದೊಂದನ್ನು ಕೂರಿಸಿ ಹೇಳಿ. ಗ್ಲೌಸೂ ಕೊಡಿ.

ಟಬ್ಬಿನ ಕಿಂಡಿಯ ಕೆಳಗೆ ಬಾಗಿದ ಪೈಪಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ನಿನ್ನೆಯ ಹುಳಿ ಅಲ್ಲೂ ಇರಬಹುದು. ಶುರುಮಾಡುವ ಮೊದಲು ಎರಡು ಬಕೆಟ್ ನೀರು ಹುಯ್ದುಬಿಡಿ.

ಜಿಡ್ಡು ತೆಗೆದ ಮೇಲೆಯೇ ಬೂಷ್ಟಿಗೆ ಕೈ ಹಾಕಲು ಇನ್ನೊಂದು ಕಾರಣವೂ ಇದೆ. ಬೂಷ್ಟು ಬದುಕುವುದೇ ಆ ಜಿಡ್ಡನ್ನು ತಿಂದು. ಮೇಲೆ ಜಿಡ್ಡಿದ್ದರೆ ಬ್ಲೀಚಿನ ಶಕ್ತಿ ಅದರಲ್ಲೇ ಮುಗಿದುಹೋಗಿ ಕೆಳಗಿನ ಬೂಷ್ಟಿಗೆ ತಲುಪುವುದಿಲ್ಲ. ಜಿಡ್ಡು ಹೋದರೆ ಮಾಮೂಲಿ ಟೈಲ್ಸ್ ಮೇಲಿನ ಬೂಷ್ಟಿನಲ್ಲಿ ಅರ್ಧ ಅದರ ಜೊತೆಗೇ ಹೋಗಿರುತ್ತದೆ.

ದಿನಸಿ ಅಂಗಡಿಯ ಲಿಕ್ವಿಡ್ ಬ್ಲೀಚ್ ತನ್ನಿ. ಒಂದು ಲೋಟಕ್ಕೆ ಹತ್ತು ಲೋಟ ತಣ್ಣೀರು. ಬಿಸಿನೀರು ಬೇಡ, ಘಾಟು ಏಳುತ್ತದೆ, ಬ್ಲೀಚೂ ಕೆಡುತ್ತದೆ. ಅವತ್ತಿನದ್ದು ಅವತ್ತೇ ಕಲಸಿ, ಉಳಿದದ್ದು ನಾಳೆಗೆ ಸಾರ ಕಳೆದುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಇದ್ದೇ ಇದೆಯಲ್ಲ ಅನ್ನಬಹುದು. ಆದರೆ ಅದರಲ್ಲಿ ಸುಣ್ಣ ಇದೆ. ಟಬ್ಬಿನ ಮೇಲೆ ಬಿಳಿ ಪುಡಿ ಕೂರುತ್ತದೆ, ನಿನ್ನೆ ತೆಗೆದ ಕ್ಯಾಲ್ಸಿಯಂ ಮತ್ತೆ ತಂದು ಹಾಕಿದ ಹಾಗೆ.

ಕಿಟಕಿ, ಬಾಗಿಲು ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ. ಹಳೇ ಬಟ್ಟೆ ಉಟ್ಟುಕೊಳ್ಳಿ, ಒಂದು ತೊಟ್ಟು ಬಿದ್ದರೂ ಬಣ್ಣ ಹೋಗುತ್ತದೆ. ಕನ್ನಡಕ ಇರಲಿ. ಉಬ್ಬಸ ಇರುವವರು, ಚಿಕ್ಕ ಮಕ್ಕಳು ಹತ್ತಿರ ಬೇಡ. ಸ್ಪ್ರೇ ಮಾಡಿದರೆ ಹನಿ ಗಾಳಿಯಲ್ಲಿ ತೇಲಿ ಮೂಗಿಗೆ ಬರುತ್ತದೆ, ಅದಕ್ಕೇ ನಾನು ಟೂತ್‌ಬ್ರಶ್ಶಿನಲ್ಲೇ ಹಚ್ಚುವುದು. ಸಂದುಗಳಿಗೆ ಹಚ್ಚಿ 10ರಿಂದ 15 ನಿಮಿಷ ಬಿಟ್ಟು, ಬ್ರಶ್ಶಿನಿಂದ ಉಜ್ಜಿ, ನೀರು ಹುಯ್ದು ತೊಳೆಯಿರಿ. ನಲ್ಲಿ, ಸ್ಟೀಲ್ ಜಾಲರಿ ಮೇಲೆ ಬಿದ್ದರೆ ಕೂಡಲೇ ತೊಳೆಯಿರಿ.

ಕಷ್ಟ ಇರುವುದು ಟಬ್ಬಿನ ಅಂಚಿನ ಸಿಲಿಕಾನಿನಲ್ಲಿ. ರಬ್ಬರಿನಂಥ ಬಿಳಿ ಪಟ್ಟಿ ಅದು. ಬೂಷ್ಟಿನ ಬೇರು ಅದರೊಳಗೇ ಇಳಿದಿರುತ್ತದೆ, ಮೇಲೆ ತಿಕ್ಕಿದರೆ ಹೋಗುವುದಿಲ್ಲ. ಟಿಶ್ಯೂ ಪೇಪರನ್ನು ಹೂಬತ್ತಿ ಹೊಸೆಯುವ ಹಾಗೆ ಉದ್ದಕ್ಕೆ ಹೊಸೆಯಿರಿ. ಬ್ಲೀಚ್ ನೀರಿನಲ್ಲಿ ಅದ್ದಿ ಆ ಪಟ್ಟಿಯ ಉದ್ದಕ್ಕೂ ಮಲಗಿಸಿ. ಒಂದೆರಡು ಗಂಟೆ ಬಿಡಿ, ಒಣಗಿದರೆ ಮತ್ತೆ ತೊಟ್ಟಿಕ್ಕಿಸಿ. ಬತ್ತಿ ತೆಗೆದಾಗ ಕಪ್ಪು ತೆಳುವಾಗಿದ್ದರೆ ಇನ್ನೊಂದು ಸಲ ಮಾಡಿ. ಏನೂ ಬದಲಾಗದಿದ್ದರೆ ಸಿಲಿಕಾನ್ ಕತ್ತರಿಸಿ ತೆಗೆದು ಹೊಸದು ಹಾಕುವುದೇ ದಾರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬೂಷ್ಟು ತಡೆಯುವ ಸಿಲಿಕಾನ್ ಅಂತ ಕೇಳಿ. ಹಳೇದು ಪೂರ್ತಿ ತೆಗೆದು, ಜಾಗ ಒಂದು ದಿನ ಒಣಗಿಸಿ ಹಾಕಿ. ಹಾಕಿದ ಮೇಲೆ 24 ಗಂಟೆ ನೀರು ಸೋಕಿಸಬೇಡಿ.

ಬಕೆಟ್ಟಿನ ತಳ, ಮಗ್ಗಿನ ಹಿಡಿಕೆಯ ಸಂದಿನಲ್ಲಿ ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಬೂಷ್ಟಲ್ಲ, ಸಾಮಾನ್ಯವಾಗಿ ಬ್ಯಾಕ್ಟೀರಿಯಾ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ, ತೊಳೆದು, ಅದೇ ಬ್ಲೀಚ್ ನೀರಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಮತ್ತೆ ಕಟ್ಟದ ಹಾಗೆ

ಮಲೆನಾಡು, ಕರಾವಳಿಯವರಿಗೆ ಮೇಲಿನ ಹುಳಿಯ ಕಥೆ ಅಷ್ಟಾಗಿ ಬೇಕಾಗದು. ಅಲ್ಲಿಯ ಬಾವಿ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ಪೂರ್ತಿ ಕಾಟ ಬೂಷ್ಟಿನದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಳದ ಬೋರ್‌ವೆಲ್‌ಗಳವರಿಗೆ ಜಿಡ್ಡೇ ಜಾಸ್ತಿ. ಎರಡು ಕಡೆಗೂ ಮದ್ದು ಒಂದೇ, ನೀರು ನಿಲ್ಲಬಾರದು.

ಕೊನೆಯಲ್ಲಿ ಸ್ನಾನ ಮಾಡಿದವರು ವೈಪರಿನಿಂದ ಟಬ್ಬಿನ ಗೋಡೆ, ಟೈಲ್ಸ್ ಎಳೆದುಬಿಡಬೇಕು. ಒಂದು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ವೈಪರ್ ಮೂಲೆಯಲ್ಲಿದ್ದಾಗ ಯಾರೂ ಮುಟ್ಟುತ್ತಿರಲಿಲ್ಲ. ಟವೆಲ್ ಪಕ್ಕದ ಮೊಳೆಗೆ ನೇತುಹಾಕಿದ ಮೇಲೆ ಅಭ್ಯಾಸವಾಯಿತು. ಬಕೆಟ್, ಮಗ್ ಬೋರಲು. ಸೋಪಿಗೆ ತೂತಿರುವ ತಟ್ಟೆ. ಎಕ್ಸಾಸ್ಟ್ ಫ್ಯಾನ್ ಸ್ನಾನ ಮುಗಿದ ಮೇಲೂ 20 ನಿಮಿಷ ಓಡಲಿ. ಫ್ಯಾನ್ ಇಲ್ಲದಿದ್ದರೆ ಬಾಗಿಲು ತೆರೆದಿಡಿ. ವಾರಕ್ಕೊಮ್ಮೆ ಹುಳಿ ನೀರು ಸ್ಪ್ರೇ ಮಾಡಿ ಐದು ನಿಮಿಷಕ್ಕೆ ಒರೆಸಿದರೆ ಪಟ್ಟಿ ಕಟ್ಟುವುದೇ ಇಲ್ಲ. ದೊಡ್ಡ ತೊಳೆತ ವರ್ಷಕ್ಕೊಮ್ಮೆ ಸಾಕಾಗುತ್ತದೆ. ನಾವು ಅದನ್ನು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇಟ್ಟುಕೊಂಡಿದ್ದೇವೆ. ಅವತ್ತು ಹೇಗೂ ಬಚ್ಚಲು ತೊಳೆದು, ಹಂಡೆ ಬೆಳಗಿ, ರಂಗೋಲಿ ಬಿಡುವ ದಿನ. ಹುಳಿ, ಬ್ಲೀಚು ಎರಡರ ಕೆಲಸವನ್ನೂ ಹಿಂದಿನ ವಾರವೇ ಮುಗಿಸಿಬಿಡಿ, ಹಬ್ಬದ ದಿನ ಬ್ಲೀಚಿನ ವಾಸನೆ ಬೇಡ.

ನಮ್ಮ ಹಾಗೆ ಟಬ್ಬಿನಲ್ಲಿ ನೀರು ತುಂಬಿಡುವವರಿಗೆ ಇನ್ನೊಂದು ವಿಷಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟದ ಸ್ವಲ್ಪ ಮೇಲೆ, ಒದ್ದೆ ಗೋಡೆಯ ಮೇಲೆ. ಅಂದರೆ ಸರಿಯಾಗಿ ಆ ಜಿಡ್ಡಿನ ಪಟ್ಟಿ ಇರುವ ಜಾಗದಲ್ಲೇ. ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಲಾರ್ವಾ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಡ್ರಮ್ಮು, ತೊಟ್ಟಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಅನ್ನುವುದು ಇದಕ್ಕೇ. ಟಬ್ಬನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ವಾರಕ್ಕೊಮ್ಮೆ ನೀರು ಪೂರ್ತಿ ಬಿಟ್ಟು, ಆ ಮಟ್ಟದ ಸುತ್ತ ಸ್ಪಂಜಿನಲ್ಲಿ ಒತ್ತಿ ಒರೆಸಿ, ಒಣಗಿಸಿ, ಆಮೇಲೆ ತುಂಬಿ. ತುಂಬಿದ ಮೇಲೆ ಹಳೇ ಸೊಳ್ಳೆಪರದೆಯನ್ನು ಮೇಲೆ ಹಾಸಿ, ಸುತ್ತ ಅಂಚಿನ ಕೆಳಗೆ ದಾರದಿಂದ ಬಿಗಿದು ಕಟ್ಟಿ. ಟಬ್ಬು ಗೋಡೆಗೆ ಅಂಟಿದ್ದು ದಾರ ಕಟ್ಟಲು ಆಗದಿದ್ದರೆ, ಪರದೆಯ ಅಂಚನ್ನು ಒದ್ದೆ ಟವೆಲ್ ಸುರುಳಿಯಿಂದ ಒತ್ತಿಡಿ.